ಸಹಕ್ರೀಡಾರಂಭ ಮೀಮಾಂಸೆ

ಮನುಷ್ಯನು ಹುಟ್ಟುವುದಕ್ಕೆ ಮುಂಚಿನಿಂದ ಮೊದಲ್ಗೊಂಡು ಸತ್ತು ಹದಿಮೂರು ದಿನಗಳು ಕಳೆಯುವವರೆಗೆ ಮಾಡತಕ್ಕ ಸಮಸ್ತ ಕರ್ಮಗಳಿಗೂ ವಿಧಿನಿಷೇಧಗಳನ್ನು ಗೊತ್ತುಮಾಡಿಟ್ಟ ನಮ್ಮ ಪೂರ್ವಸೂರಿಗಳು, ಇಬ್ಬರು ಸ್ನೇಹಿತರು ಅಂತರ್ಜಾಲದ ವೇಷಕ್ರೀಡೆಯೊಂದನ್ನು ಜೊತೆಯಾಗಿ ಆರಂಭಿಸಬೇಕಾದರೆ ಯಾರು ಯಾರಿಗಾಗಿ ಎಲ್ಲಿ ಎಷ್ಟು ಹೊತ್ತು ಕಾಯತಕ್ಕದ್ದು ಎಂಬ ವಿಷಯದಲ್ಲಿ ಒಂದಕ್ಷರವನ್ನಾದರೂ ಬರೆಯದೆ ಹೋದದ್ದು ಶಾಸ್ತ್ರಪ್ರಪಂಚದ ದೊಡ್ಡ ಕೊರತೆಯೆಂದೇ ಹೇಳಬೇಕು. ಈ ಕೊರತೆಯನ್ನು ತುಂಬುವ ಹೊಣೆಯು ಕಲಬುರಗಿ ಸೀಮೆಯವರ ಮೇಲೆ ಬೀಳುವುದು ನ್ಯಾಯವೇ ಆಗಿದೆ. ರಾಷ್ಟ್ರಕೂಟರ ಮಾನ್ಯಖೇಟವು ಈ ಜಿಲ್ಲೆಯಲ್ಲಿದೆ. ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ರಚಿಸಿ, ಭರತಖಂಡದ ಬಹುಭಾಗದ ಅಣ್ಣತಮ್ಮಂದಿರಿಗೆ ಆಸ್ತಿ ಹಂಚಿಕೊಟ್ಟ ವಿಜ್ಞಾನೇಶ್ವರನು ಶಹಾಬಾದಿನ ಬಳಿಯ ಮರತೂರಿನವನೆಂದು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಅಂತಹ ನೆಲದಲ್ಲಿ ಹುಟ್ಟಿದವರು, ಗಾಬ್ಲಿನ್ ಎಂಬ ಕ್ಷುದ್ರ ರಾಕ್ಷಸನು ಸತ್ತ ಮೇಲೆ ಅವನ ಸೊಂಟದ ಕಾಸು ಯಾರಿಗೆ ಸೇರತಕ್ಕದ್ದೆಂಬ ವ್ಯವಹಾರವನ್ನು ನಿರ್ಣಯಿಸದೆ ಬಿಡುವುದು ಆ ಮಹನೀಯನಿಗೆ ಬಗೆದ ದ್ರೋಹವಾದೀತು.

ಗ್ರಂಥಾರಂಭದಲ್ಲಿ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನಗಳೆಂಬ ನಾಲ್ಕು ಅನುಬಂಧಗಳನ್ನು ಹೇಳುವುದು ಸಂಪ್ರದಾಯ. ಪ್ರಯೋಜನವೇನೆಂಬುದನ್ನು ಮನೆಯ ಹಿರಿಯರು ದಿನಕ್ಕೆ ಹಲವು ಬಾರಿ ಕೇಳುತ್ತಲೇ ಇರುವುದರಿಂದ ಅದನ್ನು ಇಲ್ಲಿ ಕೆದಕುವುದಿಲ್ಲ. ಸಂಬಂಧವೆಂದರೆ ಫೋನು. ವಿಷಯವಂತೂ ಪ್ರಾಚೀನವಾದುದು: 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಮತ್ತು ರಿಚರ್ಡ್ ಬಾರ್ಟಲ್ ಎಂಬಿಬ್ಬರು ಚಿತ್ರವೇ ಇಲ್ಲದ, ಬರಿಯ ಅಕ್ಷರಗಳಿಂದಲೇ ಕಟ್ಟಿದ ಮಡ್ ಎಂಬ ಪ್ರಪಂಚವನ್ನು ನಿರ್ಮಿಸಿದರು, ಅದರ ವಂಶದಲ್ಲಿ 2001ರ ಜನವರಿಯಲ್ಲಿ ರೂನ್‌ಸ್ಕೇಪ್ ಹುಟ್ಟಿತು, ಅದನ್ನು ಸುಧಾರಿಸುತ್ತ ಸುಧಾರಿಸುತ್ತ ಹಳೆಯ ಭಕ್ತರೆಲ್ಲ ಮುನಿಸಿಕೊಂಡುದರಿಂದ, 2013ರಲ್ಲಿ ಮತ ಹಾಕಿಸಿ, 2007ರಲ್ಲಿದ್ದ ಮೂರ್ತಿಯನ್ನೇ ಓಲ್ಡ್ ಸ್ಕೂಲ್ ಎಂಬ ಹೆಸರಿನಿಂದ ಪುನಃಪ್ರತಿಷ್ಠೆ ಮಾಡಿದರು, 2018ರಲ್ಲಿ ಅದು ಮೊಬೈಲಿಗೂ ಬಂದು, ಆ ಮೂಲಕ ಕಮಲಾಪುರವನ್ನು ಮುಟ್ಟುವ ಯೋಗ್ಯತೆಯನ್ನು ಪಡೆಯಿತು.

ಇನ್ನು ಅಧಿಕಾರಿ. ಮೇಲೆ ಹೇಳಿದ ಬಾರ್ಟಲ್ ಮಹಾಶಯನು 1996ರಲ್ಲಿ ಆಟಗಾರರನ್ನು ಸಾಧಕರು, ಅನ್ವೇಷಕರು, ಸಂಗಪ್ರಿಯರು, ಘಾತುಕರು ಎಂದು ನಾಲ್ಕಾಗಿ ವಿಂಗಡಿಸಿ ಕೀರ್ತಿ ಪಡೆದನು. ನಮ್ಮ ದಶರೂಪಕಕಾರನು ಧೀರೋದಾತ್ತ, ಧೀರಶಾಂತ, ಧೀರಲಲಿತ, ಧೀರೋದ್ಧತರೆಂದು ಸಾವಿರ ವರ್ಷಗಳ ಹಿಂದೆಯೇ ಈ ಲೆಕ್ಕವನ್ನು ಮುಗಿಸಿದ್ದನೆಂಬುದು ಅವನಿಗೆ ತಿಳಿದಿದ್ದರೆ ಶ್ರಮವು ಉಳಿಯುತ್ತಿತ್ತು. ಆದರೆ ಇಬ್ಬರೂ ಗಮನಿಸದ ಐದನೆಯ ವರ್ಗವೊಂದುಂಟು: ಆಟವು ಯಾವುದೆಂದು ಕೇಳದೆ, ಸ್ನೇಹಿತನು ಕರೆದನೆಂಬ ಒಂದೇ ಕಾರಣದಿಂದ ಬಂದು ನಿಲ್ಲುವವನು. ಈ ಪ್ರಬಂಧಕ್ಕೆ ಅವನೇ ಮುಖ್ಯಾಧಿಕಾರಿ. ತರ್ಕಶಾಸ್ತ್ರದ ಉದಾಹರಣೆಗಳಲ್ಲಿ ಶತಮಾನಗಳಿಂದ ಬಿಟ್ಟಿ ದುಡಿಯುತ್ತಿರುವ ದೇವದತ್ತ ಯಜ್ಞದತ್ತರನ್ನೇ ಇಲ್ಲಿಯೂ ನಿಯಮಿಸಿಕೊಂಡು, ದೇವದತ್ತನನ್ನು ಕಲಬುರಗಿಯ ಸೂಪರ್ ಮಾರ್ಕೆಟ್ಟಿನ ಹಿಂದಣ ಮನೆಯಲ್ಲಿಯೂ ಯಜ್ಞದತ್ತನನ್ನು ಕೆಂಪು ಬಾಳೆಗೆ ಹೆಸರಾದ ಕಮಲಾಪುರದಲ್ಲಿಯೂ ಇರಿಸೋಣ. ಇವೆರಡರ ನಡುವೆ ಸುಮಾರು 35 ಕಿಲೋಮೀಟರು. ಮಹಾಗಾಂವ ಕ್ರಾಸಿನ ಮೇಲೆ ಬಸ್ಸುಂಟು, ಬೀದರ್ ಮಾರ್ಗದಲ್ಲಿ 2017ರಿಂದ ರೈಲೂ ಉಂಟು. ಆದರೂ ಇವರು ಭೇಟಿಯಾಗಬೇಕೆಂದು ನಿಶ್ಚಯಿಸಿದ ಸ್ಥಳವು ಲಮ್‌ಬ್ರಿಜ್ ಎಂಬ, ಯಾವ ಬಸ್ಸೂ ಹೋಗದ ಊರು.

ಪ್ರವೇಶಕ್ಕೆ ಮೊದಲು ನಾಮಕರಣವಾಗಬೇಕು. ಆಟದಲ್ಲಿ ಹೆಸರು ರೋಮನ್ ಲಿಪಿಯಲ್ಲಿ ಹನ್ನೆರಡು ಅಕ್ಷರಗಳನ್ನು ಮೀರತಕ್ಕದ್ದಲ್ಲ. ಕಲಬುರಗಿಯ ಮನೆಮನೆಯಲ್ಲಿರುವ ಶರಣಬಸಪ್ಪನೆಂಬ ನಾಮಧೇಯವು ಆ ಲಿಪಿಯಲ್ಲಿ ಹದಿನಾಲ್ಕು ಅಕ್ಷರಗಳಾಗುವುದರಿಂದ ಈ ನಿಯಮವು ನಮ್ಮ ಜಿಲ್ಲೆಯನ್ನು ಗಮನಿಸದೆ ಮಾಡಿದುದೆಂಬುದು ಸ್ಪಷ್ಟ. ಮಲ್ಲಿಕಾರ್ಜುನನು ಸರಿಯಾಗಿ ಹನ್ನೆರಡರಲ್ಲಿ ಹಿಡಿಯುತ್ತಾನಾದರೂ, ಒಂದು ಹೆಸರು ಒಬ್ಬನಿಗೆ ಮಾತ್ರವೆಂಬ ಇನ್ನೊಂದು ನಿಯಮವಿರುವುದರಿಂದ ಆ ಹೆಸರಿನವರ ಪೈಕಿ ಮೊದಲು ಎದ್ದವನಿಗೆ ಮಾತ್ರ ಅದು ದಕ್ಕತಕ್ಕದ್ದು. ಉಳಿದವರು ಬಾಲಕ್ಕೆ ಅಂಕಿಗಳನ್ನು ಕಟ್ಟಿಕೊಳ್ಳಬೇಕು.

ಅನಂತರ ಶಿಕ್ಷಾದ್ವೀಪದ ವಾಸ. ಇಲ್ಲಿ ನವಜಾತನು ಸಿಗಡಿ ಹಿಡಿದು ಬೇಯಿಸಬೇಕು, ಹೆಗ್ಗಣವನ್ನು ಕೊಲ್ಲಬೇಕು, ಕೋಳಿಯ ಮೇಲೆ ಮಂತ್ರ ಪ್ರಯೋಗಿಸಬೇಕು. ಯಜ್ಞದತ್ತನ ಮನೆಯಲ್ಲಿ ತತ್ತಿಯೂ ಒಳಗೆ ಬಾರದು. ಅವನು ಫೋನಿನ ಮುಖವನ್ನು ಅಜ್ಜಿಯಿಂದ ತಿರುಗಿಸಿಕೊಂಡು ಸಿಗಡಿ ಸುಟ್ಟನೆಂಬುದನ್ನು ಆಪದ್ಧರ್ಮದ ಪ್ರಕರಣಕ್ಕೆ ಸೇರಿಸಿ ಮುಂದೆ ಸಾಗುತ್ತೇವೆ.

ದ್ವೀಪವನ್ನು ದಾಟಿದವನು ಲಮ್‌ಬ್ರಿಜಿನ ಕೋಟೆಯ ಮುಂದೆ ಬಂದು ನಿಲ್ಲುತ್ತಾನೆ. ಸಹಕ್ರೀಡೆಯ ಪ್ರಥಮ ಸಂಕಟವು ಇಲ್ಲಿ ಪ್ರಾಪ್ತವಾಗುತ್ತದೆ.

“ದೋಸ್ತ, ಎಲ್ಲಿದ್ದಿ?”

“ಕೋಟಿ ಬಾಗಲದಾಗ ನಿಂತೀನಿ.”

“ನಾನೂ ಅಲ್ಲೇ ನಿಂತೀನಲ್ಲೋ. ನೀ ಕಾಣವಲ್ಲಿ.”

“ಯಪ್ಪಾ, ನಾ ಇಲ್ಲೇ ಇದ್ದೀನಿ. ನೀನೇ ಇಲ್ಲ.”

ಇದು ಸುಳ್ಳಲ್ಲ, ಭ್ರಾಂತಿಯೂ ಅಲ್ಲ. ನಮ್ಮ ಪುರಾಣಗಳು ಹದಿನಾಲ್ಕು ಲೋಕಗಳಿಗೇ ತೃಪ್ತಿಪಟ್ಟುವು. ಈ ಆಟದಲ್ಲಿ ನೂರಕ್ಕೂ ಮಿಕ್ಕ ಲೋಕಗಳಿದ್ದು, ಪ್ರತಿಯೊಂದರಲ್ಲಿಯೂ ಅದೇ ಕೋಟೆ, ಅದೇ ಬಾಗಿಲು, ಅದೇ ಕೋಳಿಗಳಿವೆ. ಭಿನ್ನ ಲೋಕಗಳಲ್ಲಿ ಒಂದೇ ಕಲ್ಲಿನ ಮೇಲೆ ನಿಂತ ಇಬ್ಬರು ಪರಸ್ಪರ ಅಗೋಚರರು. ಹದಿನೈದನೆಯ ಶತಮಾನದ ಮೂರನೆಯ ದಶಕದಲ್ಲಿ ಅಹಮದ್ ಷಾ ಬಹಮನಿಯು 1347ರಿಂದ ರಾಜಧಾನಿಯಾಗಿದ್ದ ಕಲಬುರಗಿಯನ್ನು ಬಿಟ್ಟು ಬೀದರಿಗೆ ಹೊರಟಾಗ, ಸುದ್ದಿ ತಡವಾಗಿ ತಲುಪಿದ ಯಾವನೋ ಒಬ್ಬ ಅಮೀರನು ಇಲ್ಲಿಯ ಕೋಟೆಯ ಬಾಗಿಲಲ್ಲಿ ನಿಂತು ಇದೇ ಪ್ರಶ್ನೆಯನ್ನು ಕೇಳಿದ್ದಿರಬೇಕೆಂದು ಊಹಿಸಲು ಅಡ್ಡಿಯಿಲ್ಲ. ಪರಿಹಾರವೆಂದರೆ ಲೋಕಸಂಖ್ಯೆಯನ್ನು ಫೋನಿನಲ್ಲಿ ಹೇಳಿಕೊಳ್ಳುವುದು. ಆದರೆ ದೇವದತ್ತನು ಚಂದಾ ಕಟ್ಟಿದವನು, ಯಜ್ಞದತ್ತನು ಕಟ್ಟದವನು. ಕಟ್ಟದವನಿಗೆ ಚಂದಾದಾರರ ಲೋಕಗಳಲ್ಲಿ ಪ್ರವೇಶವಿಲ್ಲ. ಆದ್ದರಿಂದ ಕಟ್ಟಿದವನೇ ಕೆಳಗಿನ ಲೋಕಕ್ಕೆ ಅವತರಿಸಬೇಕು. ಅಲ್ಲಿ ಅವನ ದಿವ್ಯಾಯುಧಗಳು ಪ್ರಯೋಗಕ್ಕೆ ಬಾರವು. ಅವತಾರಪುರುಷರಿಗೆ ಇದು ಹೊಸದಲ್ಲ.

ಕಣ್ಣಿಗೆ ಬಿದ್ದ ಮೇಲೆ ಜೊತೆಯಾಗಿ ನಡೆಯಬೇಕು. ಇದಕ್ಕೆ ಫಾಲೋ ಎಂಬ ಸೌಕರ್ಯವುಂಟು. ಅದನ್ನು ಒತ್ತಿದವನು ಮುಂದಿನವನ ಬೆನ್ನು ಹಿಡಿದು ತಾನಾಗಿ ನಡೆಯುತ್ತಾನೆ. ದೇವದತ್ತನು ತನ್ನನ್ನು ಹಿಂಬಾಲಿಸಲೆಂದು ಯಜ್ಞದತ್ತನೂ, ಯಜ್ಞದತ್ತನು ತನ್ನನ್ನು ಹಿಂಬಾಲಿಸಲೆಂದು ದೇವದತ್ತನೂ ಕಾದು, ಕಡೆಗೆ ಇಬ್ಬರೂ ಏಕಕಾಲದಲ್ಲಿ ಒತ್ತಿದರೆ, ಇಬ್ಬರೂ ಒಬ್ಬರ ಜಾಗವನ್ನು ಒಬ್ಬರು ಹಿಡಿಯುತ್ತ ಬಿಡುತ್ತ ಅದೇ ಸ್ಥಳದಲ್ಲಿ ಸುತ್ತುತ್ತಾರೆ. ನೈಯಾಯಿಕರು ಅನ್ಯೋನ್ಯಾಶ್ರಯವೆಂದು ಕರೆದು ಪುಸ್ತಕಗಳಲ್ಲಿ ಮಾತ್ರ ಖಂಡಿಸಿದ ದೋಷವು ಹೀಗೆ ಬಣ್ಣಬಣ್ಣವಾಗಿ, ಸೆಕೆಂಡಿನ ಹತ್ತರಲ್ಲಿ ಆರು ಭಾಗಕ್ಕೊಂದರಂತೆ ಹೆಜ್ಜೆಯಿಟ್ಟು ಕುಣಿಯುವುದನ್ನು ಬೇರೆಲ್ಲಿಯೂ ನೋಡಲಾಗದು.

ಪ್ರಥಮ ಪುರುಷಾರ್ಥವು ಅಡುಗೆಯವನ ಕಾರ್ಯ. ಕೋಟೆಯ ಪಾಕಶಾಲೆಯಲ್ಲಿ ಅಡುಗೆಯವನೊಬ್ಬನು ದೊರೆಯ ಹುಟ್ಟುಹಬ್ಬಕ್ಕೆ ಕೇಕು ಮಾಡಬೇಕಾಗಿದ್ದು, ಒಂದು ತತ್ತಿ, ಒಂದು ಬಕೆಟ್ಟು ಹಾಲು, ಒಂದು ಗಡಿಗೆ ಹಿಟ್ಟು ಇಲ್ಲದೆ ಕಂಗೆಟ್ಟಿರುತ್ತಾನೆ. ಲೋಕವನ್ನು ಉದ್ಧರಿಸಲು ಖಡ್ಗಪಾಣಿಯಾಗಿ ಬಂದ ವೀರನು ಮೊದಲು ಇವುಗಳನ್ನು ತಂದುಕೊಡಬೇಕು: ಆಕಳನ್ನು ಕರೆಯಬೇಕು, ಹೊಲದಲ್ಲಿ ಗೋಧಿ ಕೊಯ್ದು ಗಿರಣಿಯ ಅಟ್ಟಕ್ಕೆ ಹೊತ್ತು, ಕೆಳಗಿಳಿದು ಹಿಟ್ಟು ತುಂಬಿಕೊಳ್ಳಬೇಕು. ಇಲ್ಲಿ ಪೂರ್ವಪಕ್ಷವು ಅಡುಗೆಮನೆಯಿಂದ ಎದ್ದು ಬರುತ್ತದೆ.

“ಜ್ವಾಳ ಬೀಸಿಕೊಂಡು ಬಾ ಅಂದ್ರ ಕಾಲ ನೋಯತಾವ. ಹಾಲ್ ತಾ ಅಂದ್ರ ಕಿವಿ ಕೇಳಂಗಿಲ್ಲ. ಅಲ್ಲಿ ಯಾರೋ ಸಾಹುಕಾರನ ಮನಿಗಿ ತತ್ತಿ ಹೊರ್ಲಕತ್ತಾನ ನನ್ನ ಮಗ!”

ಈ ಆಕ್ಷೇಪಣೆಗೆ ಸಿದ್ಧಾಂತಿಯ ಬಳಿ ಉತ್ತರವಿಲ್ಲ. ಅದಕ್ಕಿಂತ ವಿಚಿತ್ರವಾದುದು ಇನ್ನೊಂದುಂಟು: ದೇವದತ್ತನು ತಂದ ತತ್ತಿಯು ಯಜ್ಞದತ್ತನ ಲೆಕ್ಕಕ್ಕೆ ಕಾರ್ಯಸಿದ್ಧಿಯನ್ನು ಕೊಡದು. ದೊರೆಯೊಬ್ಬನೇ, ಹುಟ್ಟುಹಬ್ಬವೊಂದೇ, ಅಡುಗೆಯವನೂ ಒಬ್ಬನೇ. ಆದರೂ ಪ್ರತಿಯೊಬ್ಬನೂ ತನ್ನ ತನ್ನ ಸಾಮಗ್ರಿಯನ್ನು ತಾನೇ ಒಪ್ಪಿಸಿ, ತನ್ನ ಪಾಲಿನ ಕೃತಜ್ಞತೆಯನ್ನು ತಾನೇ ಪಡೆಯತಕ್ಕದ್ದು. ಈ ಲೆಕ್ಕದಲ್ಲಿ ಆ ದೊರೆಯು ಇಪ್ಪತ್ತು ವರ್ಷಗಳಿಂದೀಚೆಗೆ ತಿಂದ ಕೇಕನ್ನು ಎಣಿಸುವುದು ಗಣಿತಕ್ಕೆ ಬಿಟ್ಟ ವಿಷಯ. ಸ್ನೇಹಿತನು ಮಾಡಬಹುದಾದುದು ಇಷ್ಟೇ: ಗಿರಣಿಯವರೆಗೆ ಜೊತೆಯಲ್ಲಿ ನಡೆದು, ಹೊರಗೆ ನಿಂತು, “ಆಯ್ತೇನ?” ಎಂದು ಕೇಳುವುದು.

ಯುದ್ಧದಲ್ಲಿಯಾದರೂ ಕೂಡಿ ಹೊಡೆಯಬಹುದೆಂದರೆ ಅದೂ ಇಲ್ಲ. ಲಮ್‌ಬ್ರಿಜಿನ ಗಾಬ್ಲಿನ್ನರು ಒಮ್ಮೆಗೆ ಒಬ್ಬನೊಡನೆ ಮಾತ್ರ ಕಾದುವ ಧರ್ಮಯುದ್ಧದವರು. ದೇವದತ್ತನು ಒಬ್ಬನನ್ನು ಹೊಡೆಯುತ್ತಿರುವಾಗ ಯಜ್ಞದತ್ತನು ಪಕ್ಕದಲ್ಲಿ ನಿಂತು ನೋಡಬಹುದು. ಇಲ್ಲವೇ ಬೇರೊಬ್ಬ ಗಾಬ್ಲಿನ್ನನನ್ನು ಹುಡುಕಿಕೊಳ್ಳಬಹುದು. ಕೂಟಕ್ರೀಡೆಯೆಂದು ಪ್ರಸಿದ್ಧವಾದ ಇದರಲ್ಲಿ ಕೂಟವಾಗಿ ನಡೆಯುವ ಕರ್ಮವು ಯಾವುದೆಂದು ಬಹುವಾಗಿ ಶೋಧಿಸಿದಾಗ, ಫೋನಿನಲ್ಲಿ ಆಡಿದ ಮಾತೊಂದೇ ಕೈಗೆ ಸಿಕ್ಕುವುದು.

ಇವರ ಒಡಂಬಡಿಕೆಯು “ನಾ ಇಲ್ದಾಗ ನೀ ಆಡಬ್ಯಾಡ” ಎಂಬುದಾಗಿತ್ತು. ಲೆವೆಲ್ ಸಮವಾಗಿರಬೇಕೆಂಬುದೇ ಇದರ ತಾತ್ಪರ್ಯ. ಕೋಳಿಯೊಂದಕ್ಕೆ 12 ಅಂಕಗಳಂತೆ ಏಳು ಕೋಳಿಗಳಿಗೆ 84 ಅಂಕಗಳಾಗಿ, ಎರಡನೆಯ ಲೆವೆಲ್ಲಿಗೆ ಬೇಕಾದ 83ನ್ನು ದಾಟುವುದು ಸುಲಭ. ತೊಂಬತ್ತೊಂಬತ್ತನೆಯದಕ್ಕೆ 1,30,34,431 ಅಂಕಗಳು, ಎಂದರೆ 10,86,203 ಕೋಳಿಗಳು ಬೇಕು. ಮತ್ತು ತೊಂಬತ್ತೆರಡನ್ನು ಮುಟ್ಟಿದವನು ಅರ್ಧ ದಾರಿಯಲ್ಲಿದ್ದಾನೆಂಬುದನ್ನು ತಿಳಿದು ಅನೇಕರು ವೈರಾಗ್ಯವನ್ನು ಹೊಂದಿರುವರು. ಕೋಳಿಯನ್ನೊಲ್ಲದ ಯಜ್ಞದತ್ತನು ಮರ ಕಡಿಯುವ ಸಾತ್ವಿಕ ಮಾರ್ಗವನ್ನು ಹಿಡಿದನು. ಕೊರಡಿಗೆ 25ರಂತೆ ನಾಲ್ಕೇ ಕೊರಡುಗಳಿಗೆ ಅಲ್ಲಿಯೂ ಎರಡನೆಯ ಲೆವೆಲ್ ಸಿದ್ಧಿಸುವುದು. ಒಂದು ಬೆಳಿಗ್ಗೆ ನೋಡಿದರೆ ದೇವದತ್ತನು ಬಹು ಮೇಲೇರಿದ್ದನು. ಅರ್ಥಾಪತ್ತಿಯೆಂಬ ಪ್ರಮಾಣಕ್ಕೆ ಮೀಮಾಂಸಕರು ಕೊಡುವ ಉದಾಹರಣೆಯಲ್ಲಿ ಹಗಲು ಉಣ್ಣದ ದೇವದತ್ತನು ದಪ್ಪನಾಗಿಯೇ ಇರುವುದರಿಂದ ರಾತ್ರಿ ಉಣ್ಣುವನೆಂದು ಸಿದ್ಧವಾಗುತ್ತದೆ. ಹಗಲು ಆಡದ ದೇವದತ್ತನ ಲೆವೆಲ್ ಏರಿದುದರಿಂದ ಏನು ಸಿದ್ಧವಾಯಿತೆಂಬುದನ್ನು ಯಜ್ಞದತ್ತನು ಫೋನಿನಲ್ಲಿ ಶಾಸ್ತ್ರೀಯವಲ್ಲದ ಭಾಷೆಯಲ್ಲಿ ನಿರೂಪಿಸಿದನು.

ಈ ಜಗಳವು ಸ್ವಾಭಾವಿಕವಾಗಿ ಆಸ್ತಿಯ ಪ್ರಶ್ನೆಗೆ ತಿರುಗಿತು. ಮಿತಾಕ್ಷರದ ಮತದಂತೆ ಮಗನಿಗೆ ಹುಟ್ಟಿನಿಂದಲೇ ಹಕ್ಕು. ಜೀಮೂತವಾಹನನ ದಾಯಭಾಗದ ಮತದಂತೆ ಸ್ವಾಮಿಯು ಸತ್ತ ಮೇಲೆ ಹಕ್ಕು. ಗಾಬ್ಲಿನ್ನನ ಕಾಸಿಗೆ ಗಾಬ್ಲಿನ್ನನು ಸತ್ತ ಮೇಲೆಯೇ ವಾರಸುದಾರಿಕೆ ಹುಟ್ಟುವುದರಿಂದ ಆಟವು ಬಂಗಾಳದ ಪಕ್ಷವನ್ನು ಹಿಡಿದಿದೆಯೆಂಬುದು ನಿರ್ವಿವಾದ. ವಿಜ್ಞಾನೇಶ್ವರನ ಜಿಲ್ಲೆಯಲ್ಲಿ ಹೀಗಾಗುತ್ತಿರುವುದನ್ನು ಯಾರೂ ಇದುವರೆಗೆ ಪ್ರತಿಭಟಿಸಿಲ್ಲ. ಅಲ್ಲದೆ ಬಿದ್ದ ಕಾಸು ಸುಮಾರು ಒಂದು ನಿಮಿಷ ಕೊಂದವನ ಕಣ್ಣಿಗೆ ಮಾತ್ರ ಕಂಡು, ಅನಂತರ ಸರ್ವರಿಗೂ ಗೋಚರವಾಗುವುದು. ಯಜ್ಞದತ್ತನ ಮೊದಲ ಸಂಪತ್ತೆಲ್ಲವೂ ಇಂತಹ ತಾಳ್ಮೆಯಿಂದ ಬಂದುದು. ಈಗ ಅವನು, ತಾನು ಈ ಲೋಕದಲ್ಲಿ ಹುಟ್ಟಿದ ಕ್ಷಣದಿಂದಲೇ ದೇವದತ್ತನ ಬ್ಯಾಂಕಿನಲ್ಲಿರುವ ಕಬ್ಬಿಣದ ಕವಚದಲ್ಲಿ ತನಗೆ ಪಾಲುಂಟೆಂದು ಶುದ್ಧ ಮಿತಾಕ್ಷರದ ವಾದವನ್ನು ಹೂಡಿದನು.

ದೇವದತ್ತನು ಕವಚವು ಸ್ವಯಾರ್ಜಿತವೆಂದನು. ವಾದವು ಬಲವಾಗಿಯೇ ಇದೆ. ಸ್ವಂತ ದುಡಿಮೆಯ ಸ್ವತ್ತು ವಿಭಾಗಕ್ಕೆ ಬಾರದು. ಆದರೆ ಅದೇ ಮಿತಾಕ್ಷರವು, ಆ ದುಡಿಮೆಯು ಪಿತೃದ್ರವ್ಯಕ್ಕೆ ಹಾನಿಯಿಲ್ಲದೆ ನಡೆದಿರಬೇಕೆಂದು ಬಂಧಿಸಿದೆ. ಇವರಿಬ್ಬರಿಗೆ ಪಿತೃದ್ರವ್ಯವೆಂಬುದು ಯಾವುದು? ಸಂಜೆಯ ಊಟವಾದ ಮೇಲೆ ಹಿರಿಯರು ಮಲಗುವವರೆಗೆ ದೊರೆಯುವ ಹೊತ್ತಲ್ಲದೆ ಬೇರೆ ಯಾವ ಸ್ಥಿರಚರಾಸ್ತಿಯೂ ಇವರಿಗಿಲ್ಲ. ಕೂಡಿ ಆಡಬೇಕಾದ ಆ ಹೊತ್ತಿನಲ್ಲಿ “ನಿದ್ದಿ ಬರ್ಲಕತ್ತದ” ಎಂದು ಫೋನಿಟ್ಟು, ಬಳಿಕ ಒಬ್ಬನೇ ಕುಳಿತು ಗಳಿಸಿದ ಕವಚವನ್ನು ಸ್ವಯಾರ್ಜಿತವೆನ್ನಲು ಬಾರದು. ಆದ್ದರಿಂದ ಅದು ವಿಭಾಜ್ಯವೇ. ಕವಚವನ್ನು ಸೀಳಿ ಕೊಡುವಂತಿಲ್ಲವಾಗಿ, ದೇವದತ್ತನು ಅದನ್ನು ಇಡಿಯಾಗಿಯೇ ಒಪ್ಪಿಸಿದನು.

ಇದಾದ ಮೂರನೆಯ ದಿನ ಕಮಲಾಪುರದ ಬಸ್ಸಿನಲ್ಲಿ, ಪರಿಚಯದ ಕಂಡಕ್ಟರನ ಕೈಯಲ್ಲಿ, ಒಂದು ಡಜನ್ ಕೆಂಪು ಬಾಳೆಹಣ್ಣು ಕಲಬುರಗಿಗೆ ಬಂದಿತು. ಇಲ್ಲಿ ಹೊಸದೊಂದು ಧರ್ಮಸಂಕಟ. ಆಟದೊಳಗಿನ ವಸ್ತುವನ್ನು ಹೊರಗಿನ ಬೆಲೆಗೆ ಮಾರುವುದು ಆಟದ ಒಡೆಯರ ನಿಯಮದಂತೆ ನಿಷಿದ್ಧ, ಸಿಕ್ಕಿಬಿದ್ದವರಿಗೆ ಬಹಿಷ್ಕಾರವುಂಟು. ಕವಚಕ್ಕೆ ಬಾಳೆಯು ಪ್ರತಿಫಲವಾದರೆ ಇಬ್ಬರೂ ಪತಿತರು. ಬಹುವಾಗಿ ಆಲೋಚಿಸಿ, ಬಾಳೆಯನ್ನು ಕಳುಹಿಸಿದವಳು ಯಜ್ಞದತ್ತನ ತಾಯಿಯೆಂದೂ, ಆಕೆಗೆ ಕವಚದ ವಿಷಯವೇ ತಿಳಿಯದೆಂದೂ, ಆಕೆಯು ಅದನ್ನು ಕಳುಹಿಸಿದುದು ದೇವದತ್ತನ ತಾಯಿಗೆಂದೂ ದಾಖಲಾಗಿರುವುದರಿಂದ, ಅದನ್ನು ಪ್ರೀತಿದಾನವೆಂದೇ ಭಾವಿಸತಕ್ಕದ್ದೆಂದು ನಿರ್ಣಯಿಸಿದ್ದೇವೆ. ಹನ್ನೆರಡರಲ್ಲಿ ಹನ್ನೊಂದೇ ತಲುಪಿದುವೆಂಬ ದೇವದತ್ತನ ದೂರು ಕಂಡಕ್ಟರನಿಗೆ ಸಂಬಂಧಿಸಿದುದಾಗಿದ್ದು, ಪ್ರಕೃತ ಶಾಸ್ತ್ರದ ವ್ಯಾಪ್ತಿಗೆ ಬರುವುದಿಲ್ಲ.