ಅರ್ಥಾಭಾವ ಮೀಮಾಂಸೆ

ಓಮ್. ಇದು ಮಂಗಳಾಚರಣೆಯಲ್ಲ, ಅಳತೆಯ ಮಾನ. ಆದರೂ ಕೋಲಾರ ಸೀಮೆಯ ಹೊರಾಂಗಣ ಸಾಕೆಟ್ಟುಗಳ ಮೂರನೆಯ ತೂತಿನ ಬಗ್ಗೆ ಬರೆಯಹೊರಟವನು ದೇವರನ್ನೂ ನೆನೆಯುವುದು ಕ್ಷೇಮವಾದ್ದರಿಂದ ಒಂದೇ ಅಕ್ಷರದಲ್ಲಿ ಎರಡು ಕೆಲಸ ಮುಗಿಸಿದ್ದೇನೆ.

ಮೊದಲು ಲಕ್ಷಣ. ಕರೆಂಟು ಕೆಟ್ಟ ಪಂಪಿನ ಮೈಗೆ ಸೋರಿ, ಮೂರನೆಯ ತೂತಿನ ಹಸಿರು ವೈರು ಹಿಡಿದು, ಗುಂಡಿಯಲ್ಲಿ ಹೂತ ಪೈಪಿನಿಂದ ಮಣ್ಣಿಗಿಳಿದು, ಮಣ್ಣಲ್ಲೇ ನಡೆದು ಟ್ರಾನ್ಸ್‌ಫಾರ್ಮರಿಗೆ ಮರಳಿ, ಫೇಸಿನಲ್ಲಿ ಮತ್ತೆ ಹೊರಡುವ ಪ್ರದಕ್ಷಿಣೆಗೆ ಎದುರಾಗುವ ಒಟ್ಟು ಅಡ್ಡಿಯೇ ಅರ್ಥ್ ಲೂಪ್ ಇಂಪೀಡೆನ್ಸ್. ಅದು 1 ಓಮ್ ಇದ್ದರೆ 230 ವೋಲ್ಟಿಗೆ 230 ಆಂಪಿಯರ್ ನುಗ್ಗಿ, 16 ಆಂಪಿಯರಿನ ಎಂಸಿಬಿ ರೆಪ್ಪೆ ಬಡಿಯುವಷ್ಟರಲ್ಲಿ ಬೀಳುತ್ತದೆ. 50 ಓಮ್ ಇದ್ದರೆ ಹರಿಯುವುದು 4.6 ಆಂಪಿಯರ್ ಮಾತ್ರ. ಯಾರೋ ಇಸ್ತ್ರಿಪೆಟ್ಟಿಗೆ ಹಾಕಿಕೊಂಡಿದ್ದಾರೆಂದು ತಿಳಿದು ಎಂಸಿಬಿ ಸುಮ್ಮನಿರುತ್ತದೆ. ಕರೆಂಟು ಒಂದು ಕಿಲೋವಾಟಿನಷ್ಟು ಮಣ್ಣನ್ನು ಕಾಯಿಸುತ್ತ, ಪಂಪು ಮುಟ್ಟುವವರನ್ನು ಕಾಯುತ್ತ ಕೂರುತ್ತದೆ.

ಇನ್ನು ಪ್ರಮಾಣಗಳು. ಒದ್ದೆ ಕೈ ಜುಮ್ಮೆನ್ನುವುದು ಪ್ರತ್ಯಕ್ಷ. ನಾಯಿ ಪಂಪ್‌ಮನೆಯ ಕಡೆ ಸುಳಿಯದಿರುವುದು ಅನುಮಾನ. ಪಕ್ಕದ ತೋಟದಿಂದ ಕೇಳುವ ‘ಅಯ್ಯಯ್ಯೋ’ ಶಬ್ದಪ್ರಮಾಣ. ಲೂಪ್ ಅಳೆಯುವ ಮೀಟರು ಇವೆಲ್ಲಕ್ಕೂ ಕಿರಿಯದು; ಹಿರಿಯರು ಅದರ ಮಾತಿಗೆ ಬೆಲೆ ಕೊಡುವುದಿಲ್ಲ.

ಶಿವನಸಮುದ್ರದ ವಿದ್ಯುತ್ತು 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಬಂತು. ಬೆಂಗಳೂರಿನ ಬೀದಿ ದೀಪ 1905ರವರೆಗೆ ಕಾಯಬೇಕಾಯಿತು. ಆ ಗಣಿ ಮುಚ್ಚುವ ಹೊತ್ತಿಗೆ ಭೂಮಿಯೊಳಗೆ 3 ಕಿಲೋಮೀಟರಿಗಿಂತ ಆಳಕ್ಕೆ ಹೋಗಿತ್ತು. ಇಂಥ ಜಿಲ್ಲೆಯಲ್ಲಿ ಎಂಟಡಿ ಅರ್ಥ್ ಪೈಪು ಇಳಿಯುವುದಿಲ್ಲ ಎನ್ನುವುದು ಮುಳಬಾಗಿಲಿನ ಮೇಸ್ತ್ರಿಗಳ ಮತ. ಮೂರಡಿಗೆ ಬಂಡೆ. ಉಳಿದ ಐದಡಿಯನ್ನು ಗರಗಸದಲ್ಲಿ ಕೊಯ್ದು, ಮೂರಡಿಯನ್ನು ತಲೆ ಮಾತ್ರ ಕಾಣುವಂತೆ ಹೂತು, ಸಿಮೆಂಟು ಬಳಿದು ‘ಅರ್ಥ್’ ಎಂದು ಬರೆದರೆ ಆಯಿತು. ಕೊಯ್ದ ತುಂಡು ಟೊಮೆಟೊ ಗಿಡಕ್ಕೆ ಊರುಗೋಲು.

ಮಾಲೂರಿನ ಸಮಸ್ಯೆ ತಾತ್ವಿಕವಾದದ್ದು. ಹಸಿ ಜೇಡಿಮಣ್ಣಿನಲ್ಲಿ ಕರೆಂಟು ಸಲೀಸಾಗಿ ಹರಿಯುತ್ತದೆ. ಮಾಲೂರಿನವರು ಅದನ್ನೇ ಅಗೆದು ತೆಗೆದು, ಸುಟ್ಟು, ಕರೆಂಟು ಹರಿಯದ ಹೆಂಚು ಮಾಡಿ ಕರ್ನಾಟಕದ ತಲೆಯ ಮೇಲೆ ಹೊದಿಸಿದರು.

ಗುಂಡಿಗೆ ಉಪ್ಪು, ಇದ್ದಿಲು ಹಾಕಿ ಆಗಾಗ ನೀರು ಹೊಯ್ಯಿರಿ ಎಂಬುದು ಪೂರ್ವಪಕ್ಷ. ಯಾವ ನೀರು? ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ, ಬೋರು ಸಾವಿರ ಅಡಿ ದಾಟಿದೆ, 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬರುವ ನೀರು ಬೆಂಗಳೂರು ಬಳಸಿ ಬಿಟ್ಟದ್ದನ್ನು ಶುದ್ಧಿಮಾಡಿ ಕೆರೆಗೆ ಕಳಿಸುವಂಥದ್ದು. ದುಡ್ಡು ಕೊಟ್ಟು ತರಿಸಿದ ಟ್ಯಾಂಕರಿನ ನೀರನ್ನು ಗುಂಡಿಗೆ ಹೊಯ್ಯೋಣವೆಂದಾಗ ನಮ್ಮತ್ತೆ ನನ್ನನ್ನು ನೋಡಿದ ನೋಟದ ಇಂಪೀಡೆನ್ಸ್ ಅಳೆಯುವ ಮೀಟರು ಇನ್ನೂ ಬಂದಿಲ್ಲ.

ಈ ಸಂಶೋಧಕನಿಗೆ ನಿಜವಾದ ದಿಗ್ಭ್ರಮೆ ಕಾದಿದ್ದು ಶ್ರೀನಿವಾಸಪುರದ ಒಂದು ಮಾವಿನ ತೋಪಿನಲ್ಲಿ. ಏಪ್ರಿಲ್ ತಿಂಗಳು, ನೆಲ ಬಿರುಕು ಬಿಟ್ಟಿದೆ, ಗುಂಡಿಯಲ್ಲಿ ಇರುವೆ ಗೂಡು. ಮೀಟರು 0.6 ಓಮ್ ತೋರಿಸಿತು! ಒಣ ಮಣ್ಣಿಗೆ ಇಂಥ ಸದ್ಗುಣ ಎಲ್ಲಿಂದ ಬಂತು? ಮೇನ್ ಆರಿಸಿ ಸಾಕೆಟ್ಟು ಬಿಚ್ಚಿದೆ. ನ್ಯೂಟ್ರಲ್ಲಿನಿಂದ ಮೂರನೆಯ ತೂತಿಗೆ ಗೇಣುದ್ದದ ಒಂದು ವೈರು. ಪ್ರದಕ್ಷಿಣೆ ಮಣ್ಣನ್ನು ಮುಟ್ಟದೆ ಗರ್ಭಗುಡಿಯಲ್ಲೇ ಮುಗಿಯುತ್ತಿತ್ತು.

“ಎರಡೂ ಒಂದೇ ಅಲ್ವಾ ಸಾರ್,” ಎಂದರು ಅದನ್ನು ಕಟ್ಟಿದ ಮೇಸ್ತ್ರಿ. “ಕೊನೇಗೆ ಹೋಗೋದು ಭೂಮಿಗೇ ತಾನೆ?”

ದ್ವೈತಿಗಳಾದ ಶ್ರೀಪಾದರಾಜರ ಬೃಂದಾವನ ಪಕ್ಕದ ತಾಲ್ಲೂಕು ಮುಳಬಾಗಿಲಿನಲ್ಲಿರುವಾಗ ಇಲ್ಲಿ ಇಷ್ಟು ಶುದ್ಧ ಅದ್ವೈತ! ಅವರ ಮಾತು ಪೂರ್ತಿ ಸುಳ್ಳೂ ಅಲ್ಲ. ಟ್ರಾನ್ಸ್‌ಫಾರ್ಮರಿನ ಬುಡದಲ್ಲಿ ನ್ಯೂಟ್ರಲ್ ಮತ್ತು ಅರ್ಥ್ ಅಭಿನ್ನ. ಆದರೆ ಸಾಕೆಟ್ಟಿನ ಬಳಿ ಭೇದ ಸತ್ಯ. ದಾರಿಯಲ್ಲಿ ನ್ಯೂಟ್ರಲ್ ಕಡಿದುಹೋದ ದಿನ ಆ ಗೇಣುದ್ದದ ವೈರು 230 ವೋಲ್ಟನ್ನು ಪಂಪಿನ ಮೈಮೇಲೆ ತಂದು ನಿಲ್ಲಿಸುತ್ತದೆ. ಕೆಟ್ಟ ಅಳತೆ ಹೆದರಿಸಿಯಾದರೂ ಕಾಪಾಡುತ್ತದೆ; ಇಷ್ಟು ಚೆಂದದ ಅಳತೆಯನ್ನು ಮಾತ್ರ ನಂಬಬಾರದು.

“ಸೋರಿಕೆ ಕಂಡೊಡನೆ ಬೀಳುವ ಆರ್‌ಸಿಸಿಬಿ ಎಲ್ಲಿ?” ಎಂದು ಕೇಳಿದೆ. “ಅದು ಸುಮ್ಸುಮ್ನೆ ಬೀಳ್ತಿತ್ತು ಸಾರ್, ಕಿತ್ತಾಕಿದೆ.” ಪ್ರಾಮಾಣಿಕ ಸಾಕ್ಷಿಯನ್ನು ಊರು ಬಿಡಿಸಿದ್ದರು.

ಓದುಗರಲ್ಲಿ ಬಿನ್ನಹ: ಇದನ್ನು ಪಕ್ಕಕ್ಕಿಟ್ಟು ನಿಮ್ಮ ಮನೆಯ ಬೋರ್ಡಿನ ಹತ್ತಿರ ಹೋಗಿ. 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದ್ದರೆ ಅದರ ಟಿ ಗುಂಡಿ ಒತ್ತಿ. ಬೀಳದಿದ್ದರೆ, ಅಥವಾ ಅದು ಅಲ್ಲಿ ಇಲ್ಲವೇ ಇಲ್ಲದಿದ್ದರೆ, ಹೊರಗಿನ ಸಾಕೆಟ್ಟಿಗೆ ಕೈ ಹಾಕುವ ಮೊದಲು ಒಬ್ಬ ದ್ವೈತಿ ಮೇಸ್ತ್ರಿಯನ್ನು ಕರೆಸಿ.