ಬಿದಿರಿನ ಆರ್ಗನ್ನೂ ಹಕ್ಕಿಯ ಹಂಬಲವೂ

ಪೈಪ್ ಆರ್ಗನ್ ಎಂಬುದು ತಿದಿಗಳು ತುಂಬಿಕೊಟ್ಟ ಗಾಳಿಯನ್ನು ಕೀಲಿಮಣೆಯ ಅಪ್ಪಣೆಯಂತೆ ನಾನಾ ಅಳತೆಯ ಕೊಳವೆಗಳಿಗೆ ಹಂಚಿ ನಾದ ಹೊರಡಿಸುವ ವಾದ್ಯ; ಯುರೋಪಿನಲ್ಲಿ ಈ ಕೊಳವೆಗಳು ಸಾಮಾನ್ಯವಾಗಿ ತವರ-ಸೀಸಗಳ ಮಿಶ್ರಲೋಹದವು ಇಲ್ಲವೇ ಮರದವು ಆಗಿದ್ದರೆ, ಫಿಲಿಪ್ಪೀನ್ಸಿನ ಮನಿಲಾ ಪಕ್ಕದ ಲಾಸ್ ಪಿನ್ಯಾಸ್‌ನಲ್ಲಿರುವ ಸಂತ ಜೋಸೆಫರ ಇಗರ್ಜಿಯ ಆರ್ಗನ್ನಿನಲ್ಲಿ 1031 ಕೊಳವೆಗಳ ಪೈಕಿ 902 ಬಿದಿರಿನವು. ಸ್ಪೇನಿನಿಂದ ಬಂದು ಅಲ್ಲಿ ಪಾದ್ರಿಯಾಗಿದ್ದ ದಿಯೆಗೊ ಸೆರಾ 1816ರಲ್ಲಿ ಕೆಲಸಕ್ಕೆ ಕೈಹಾಕಿ, ಕಡಿಸಿದ ಬಿದಿರನ್ನು ಕಡಲತೀರದ ಮರಳಿನಲ್ಲಿ ಹೂಳಿಸಿಟ್ಟು, ಹುಳು ಮುಟ್ಟದೆ ಉಳಿದದ್ದನ್ನಷ್ಟೇ ಆರಿಸಿಕೊಂಡನೆಂಬುದು ಪ್ರತೀತಿ. ತುತ್ತೂರಿಯ ದನಿಗೆ ಮಾತ್ರ ಬಿದಿರು ಒಗ್ಗದೆ ಲೋಹವನ್ನೇ ಬಳಸಬೇಕಾಗಿ ಬಂದು, 1824ರಲ್ಲಿ ಪೂರ್ಣಗೊಂಡ ಈ ವಾದ್ಯದ ಲೋಹದ ಕೊಳವೆಗಳು, ತಡವಾಗಿ ಬಂದವರಿಗೆ ಗುರಿಯಿಟ್ಟಂತೆ, ಸ್ಪೇನಿನ ಪದ್ಧತಿಯಲ್ಲಿ ಅಡ್ಡಲಾಗಿ ಮುಂಚಾಚಿಕೊಂಡಿವೆ.

ಇಷ್ಟನ್ನೆಲ್ಲ ಓದಿಕೊಂಡು ಗಂಭೀರ ಮುಖದಿಂದ ಆ ಇಗರ್ಜಿಯ ಸಂಗೀತ ಕಚೇರಿಗೆ ಹೋಗಿ ಕುಳಿತ ಈ ಪ್ರಬಂಧದ ಲೇಖಕನ ಚಿತ್ತವೆಲ್ಲ ನೆಟ್ಟಿದ್ದುದು ಹಕ್ಕಿಯ ಮೇಲೆ. ವಾದಕ ಎಳೆದೊಡನೆ ಒಂದು ಬಗೆಯ ಕೊಳವೆಸಾಲಿಗೆ ಗಾಳಿಯ ದಾರಿ ತೆರೆಯುವ ಹಿಡಿಗೆ ಸ್ಟಾಪ್ ಎನ್ನುತ್ತಾರೆ. ಇಲ್ಲಿನ ಸ್ಟಾಪ್‌ಗಳಲ್ಲಿ ನಗಾರಿಯ ಸದ್ದಿಗೊಂದು, ಹಕ್ಕಿಯ ಚಿಲಿಪಿಲಿಗೊಂದು ಇವೆ. ಇಂಥ ಹಕ್ಕಿ ಸಾಮಾನ್ಯವಾಗಿ ನೀರಿನಲ್ಲಿ ತುದಿ ಅದ್ದಿದ ಪುಟ್ಟ ಕೊಳವೆಗಳೇ ಹೊರತು ಬೇರೇನಲ್ಲವೆಂದು ತಿಳಿದಿದ್ದರೂ ಲೇಖಕನ ಹಂಬಲ ತಗ್ಗಲಿಲ್ಲ. ಜರ್ಮನ್ ಸಂಗೀತಕಾರ ಬಾಖ್‌ನ ಫ್ಯೂಗ್, ಅಂದರೆ ಒಂದೇ ರಾಗಖಂಡವನ್ನು ಹಲವು ದನಿಗಳು ಒಂದರ ಬೆನ್ನಿಗೊಂದು ಅಟ್ಟಿಸಿಕೊಂಡು ಹೋಗುವ ರಚನೆ, ನಡೆದಿತ್ತು. ವಾದಕನ ಬಲಗೈ ಕೀಲಿಮಣೆ ಬಿಟ್ಟಾಗಲೆಲ್ಲ ಲೇಖಕ ಬೆಂಚಿನಿಂದ ಅರ್ಧ ಎದ್ದ. ಕೈ ಹಾಳೆ ತಿರುವಿ ಹಿಂದಿರುಗಿದಾಗಲೆಲ್ಲ ಅರ್ಧ ಕುಳಿತ. ಎರಡನೆಯ ದನಿ ಬಂತು, ಮೂರನೆಯದು ಬಂತು, ಹಕ್ಕಿ ಬರಲಿಲ್ಲ. ಅಷ್ಟೊಂದು ದನಿಗಳಿಗೆ ಜಾಗ ಕೊಟ್ಟ ಬಾಖ್ ಒಂದು ಗುಬ್ಬಚ್ಚಿಗೆ ಎಡೆ ಮಾಡಬಾರದಿತ್ತೇ ಎಂಬ, ಸಂಗೀತಶಾಸ್ತ್ರದಲ್ಲಿ ಇನ್ನೂ ಯಾರೂ ಎತ್ತಿರಲಾರದ ಪ್ರಶ್ನೆಯನ್ನು ಲೇಖಕ ಮನಸ್ಸಿನಲ್ಲೇ ಎತ್ತಿ, ಪೂರ್ವಪಕ್ಷವನ್ನು ಖಂಡಿಸಿ, ಸಿದ್ಧಾಂತವನ್ನೂ ಸ್ಥಾಪಿಸಿದ. ಕೊನೆಗೆ ಯಾವುದೋ ಪುಟ್ಟ ಹಳೆಯ ರಚನೆಯ ನಡುವೆ ಹಕ್ಕಿ ಕೂಗಿಯೇ ಕೂಗಿತು. ಇಡೀ ಸಭೆಯಲ್ಲಿ ಎರಡೇ ಎರಡು ಕೈಗಳು ಚಪ್ಪಾಳೆ ತಟ್ಟಿದವು, ಎರಡೂ ಲೇಖಕನವೇ. ಪಕ್ಕದಲ್ಲಿದ್ದ ಮಹಾಶಯರೊಬ್ಬರು ದುರುಗುಟ್ಟಿ ನೋಡಿದರು. ಆರಂಭದಿಂದಲೂ ಮೊಬೈಲನ್ನು ದೀಪಸ್ತಂಭದಂತೆ ಎತ್ತಿಹಿಡಿದು, ಹಿಂದಿನ ಮೂರು ಸಾಲುಗಳಿಗೆ ಆರ್ಗನ್ನನ್ನು ಅಂಗೈಯಗಲದ ಪರದೆಯಲ್ಲೇ ದರ್ಶನ ಮಾಡಿಸಿದವರು ಸಭಾಮರ್ಯಾದೆಯ ಪಾಠಕ್ಕೆ ನಿಲ್ಲುವುದು ಈ ಕಾಲದ ವಿಶೇಷವೆನ್ನಬೇಕು.

ಲೇಖಕನ ಬಾಲಬುದ್ಧಿಗೆ ಶಾಸ್ತ್ರಾಧಾರವೂ ಇಲ್ಲದಿಲ್ಲ: ಈ ವಾದ್ಯಕ್ಕಿರುವುದು ಒಂದೇ ಕೀಲಿಮಣೆ, ಅದೂ ಎಡಕ್ಕೊಂದು ಬಲಕ್ಕೊಂದು ದನಿ ಜೋಡಿಸಬಹುದಾದಂತೆ ಇಬ್ಭಾಗವಾದದ್ದು, ಸ್ಪೇನಿನ ಹಳೆಯ ಕಿರುರಚನೆಗಳು ಅದರಲ್ಲಿ ಮೈಬಿಚ್ಚಿ ನುಡಿದರೆ, ಬಾಖ್ ತುಸು ಮೈಹಿಡಿದುಕೊಂಡೇ ಬರುತ್ತಾನೆ.

ಭೂಕಂಪಗಳೂ ಚಂಡಮಾರುತಗಳೂ ಈ ಆರ್ಗನ್ನನ್ನು ಬಹುಕಾಲ ಅರೆಮೂಕವಾಗಿಸಿದ್ದವು. 1973ರಲ್ಲಿ ಅದನ್ನು ಬಿಚ್ಚಿ ಜರ್ಮನಿಯ ಬಾನ್ ನಗರದ ಕ್ಲೈಸ್ ಕಾರ್ಯಾಗಾರಕ್ಕೆ ಕಳುಹಿಸಿದಾಗ, ಅಲ್ಲಿನ ಒಣ ಚಳಿಗೆ ಬಿದಿರು ಬಿರಿಯದಿರಲೆಂದು ಫಿಲಿಪ್ಪೀನ್ಸಿನ ಸೆಕೆಯನ್ನೇ ಹೋಲುವ ವಿಶೇಷ ಕೊಠಡಿಯನ್ನು ಸಿದ್ಧಪಡಿಸಿದ್ದರು. ವಸಾಹತುಗಳಿಂದ ಯುರೋಪಿಗೆ ಹೋದ ಮನುಷ್ಯರಲ್ಲಿ ಎಷ್ಟು ಮಂದಿಗೆ ಯಾರಾದರೂ ತವರಿನ ಹವೆಯನ್ನು ಕೂಡಿಸಿಕೊಟ್ಟಿದ್ದರು? ಬಿದಿರು ಕಡಿದವರ, ಮರಳು ತೋಡಿದವರ, ತಿದಿ ಒತ್ತಿದವರ ಕುರಿತು ಕಥನಗಳು ಸಾಮಾನ್ಯವಾಗಿ ‘ಊರಿನವರು’ ಎಂದಷ್ಟೇ ಹೇಳಿ ಮುಂದೆ ಸಾಗುತ್ತವೆ. 1975ರಲ್ಲಿ ವಾದ್ಯ ಮರಳಿದಾಗ ಹಬ್ಬ ಮಾಡಿ ಬರಮಾಡಿಕೊಂಡವರೂ ಆ ಊರಿನವರೇ.

ಮರುವರ್ಷದಿಂದ ಅಲ್ಲಿ ಅಂತಾರಾಷ್ಟ್ರೀಯ ಬಿದಿರು ಆರ್ಗನ್ ಉತ್ಸವ ನಡೆದುಬಂದಿದೆ. ಅದರ ಕಾರ್ಯಕ್ರಮಪಟ್ಟಿಯಲ್ಲಿ ಹಕ್ಕಿ ಕೂಗುವ ಸಮಯವನ್ನು ನಮೂದಿಸಬೇಕೆಂಬ ಸಲಹೆಯನ್ನು ಲೇಖಕ ಚೀಟಿಯಲ್ಲಿ ಬರೆದು, ಸಲಹಾಪೆಟ್ಟಿಗೆ ಎಲ್ಲಿಯೂ ಕಾಣದ್ದರಿಂದ, ಪೆಸೊ ನೋಟೊಂದರಲ್ಲಿ ಸುತ್ತಿ ಕಾಣಿಕೆ ಡಬ್ಬಿಗೆ ಹಾಕಿ ಬಂದ.