ಛತ್ರಕ್ಕೊಂದು ವೆಬ್‌ಸೈಟು

ಮದುವೆ ಛತ್ರದವರಿಗೆ ವೆಬ್‌ಸೈಟಿನಲ್ಲಿ ಬೇಕಾಗುವುದು ನಾಲ್ಕು ಫೋಟೊ, ಊಟದ ಹಾಲ್‌ನ ಅಳತೆ, ಫೋನ್ ನಂಬರು. ಅಷ್ಟಕ್ಕೆ 2006ರಲ್ಲಿ ಹುಟ್ಟಿದ, ಸೈಟು ಕಟ್ಟುವ ಸೇವೆಯಾದ ವಿಕ್ಸ್ ಧಾರಾಳವಾಗಿ ಸಾಕು. ಮೌಸಿನಲ್ಲಿ ಎಳೆದು ಬಿಟ್ಟರೆ ಪುಟ ತಯಾರು. ಆದರೂ ನಮ್ಮವರ ಕಣ್ಣು ಸೈಟು ಕಟ್ಟುವ ಇನ್ನೊಂದು ಸಾಧನವಾದ 2003ರ ವರ್ಡ್‌ಪ್ರೆಸ್ ಮೇಲೆಯೇ. ಅದಕ್ಕೆ 50,000ಕ್ಕೂ ಹೆಚ್ಚು ಉಚಿತ ಪ್ಲಗಿನ್‌ಗಳು, ಅಂದರೆ ಸೈಟಿಗೆ ಸೇರಿಸಿಕೊಳ್ಳುವ ಬಿಡಿ ತಂತ್ರಾಂಶಗಳು, ಇವೆಯಲ್ಲ! ಇವೆ, ಒಪ್ಪೋಣ. ಹಾಕಿಕೊಂಡವನ್ನು ಅಪ್‌ಡೇಟ್ ಮಾಡುವವರು ಯಾರು? ಸೈಟು ಮಾಡಿಕೊಟ್ಟ ಅಳಿಯನ ತಮ್ಮ ಅಷ್ಟರಲ್ಲಿ ಬೆಂಗಳೂರು ಸೇರಿ ಫೋನ್ ಎತ್ತುವುದನ್ನೇ ಬಿಟ್ಟಿರುತ್ತಾನೆ. ಹಳೇ ಪ್ಲಗಿನ್‌ನ ಸಂದಿಯಲ್ಲಿ ನುಗ್ಗಿದವರು ವಧೂವರರ ಫೋಟೊ ಪಕ್ಕದಲ್ಲೇ ಜೂಜಿನ ಜಾಹೀರಾತು ಅಂಟಿಸಿರುತ್ತಾರೆ. ‘ನಾಳೆ ವಿಕ್ಸ್ ಬೇಡವೆನಿಸಿದರೆ?’ ಎಂಬ ಆಕ್ಷೇಪದಲ್ಲಿ ಹುರುಳಿದೆ: ಅಲ್ಲಿ ಕಟ್ಟಿದ ಸೈಟನ್ನು ಇಡಿಯಾಗಿ ಬೇರೆ ಸರ್ವರಿಗೆ ಒಯ್ಯಲಾಗದು. ನೂರಾರು ಲೇಖನ ಪೇರಿಸುವವರು ವರ್ಡ್‌ಪ್ರೆಸ್ಸಿಗೇ ಹೋಗಲಿ. ಛತ್ರದವರಿಗಾದರೆ ಮತ್ತೆ ಮೊದಲಿಂದ ಕಟ್ಟಲು ಒಂದು ಮಧ್ಯಾಹ್ನ ಸಾಕು. ಆಷಾಢದಲ್ಲಿ ಅವರಿಗೆ ಬೇರೇನು ಕೆಲಸ?